ಕೆಳಬರ್ತಿನ ಅಡಿಯ ಪರಿಗ್ರಹ

ತೀರ್ಥಯಾತ್ರೆಗೆ ಹೊರಟ ಬಂಧುಗಳನ್ನು ಬೀಳ್ಕೊಡಲು ರೈಲು ನಿಲ್ದಾಣಕ್ಕೆ ಹೋದವರೆಲ್ಲರೂ ಈ ದೃಶ್ಯವನ್ನು ಕಂಡಿರುತ್ತಾರೆ. ಗಾಡಿ ಬಂದು ನಿಂತೊಡನೆ ಜಯಘೋಷದ ನಡುವೆ ಬೋಗಿಯ ಎರಡೂ ಬಾಗಿಲುಗಳಿಂದ ಸಾಮಾನಿನ ಪ್ರವಾಹವೇ ಒಳಗೆ ಹರಿಯತೊಡಗುತ್ತದೆ. ಅಕ್ಕಿಯ ಚೀಲ, ಹಿಟ್ಟಿನ ಡಬ್ಬ, ಉಂಡೆ-ಚಕ್ಕುಲಿಗಳ ತಗಡಿನ ಡಬ್ಬಿಗಳು, ನೀರಿನ ಕ್ಯಾನುಗಳು, ಹಾಸಿಗೆಯ ಸುರುಳಿಗಳು, ಚಕ್ರವುಳ್ಳ ದೊಡ್ಡ ದೊಡ್ಡ ಸೂಟ್‌ಕೇಸುಗಳು. ಹೊರಟಿರುವುದಾದರೋ ಸಮ್ಮೇದ ಶಿಖರಕ್ಕೆ; ಸಕಲವನ್ನೂ ತ್ಯಜಿಸಿ ಇಪ್ಪತ್ತು ಮಂದಿ ತೀರ್ಥಂಕರರು ನಿರ್ವಾಣವನ್ನೈದಿದ ಭೂಮಿಯ ದರ್ಶನಕ್ಕೆ. ಪಿಂಛಿ ಮತ್ತು ಕಮಂಡಲುಗಳ ಹೊರತು ಬೇರೇನನ್ನೂ ಇರಿಸಿಕೊಳ್ಳದ ಮುನಿಗಳಿಗೆ ಕೈಮುಗಿಯಲು ನಾವು ತಲಾ ಐದು ಗಂಟುಗಳನ್ನು ಹೊತ್ತು ಹೋಗುತ್ತೇವೆ!

ಇದನ್ನು ಕೇವಲ ಅನನುಕೂಲದ ಮಾತೆಂದು ನಕ್ಕು ಬಿಡುವವರೇ ಹೆಚ್ಚು. ನಾನು ಹಾಗೆ ಬಿಡಲಾರೆ. ನಾಲ್ಕು ದಶಕಗಳ ಕಾಲ ಧಾನ್ಯದ ಅಂಗಡಿಯಲ್ಲಿ ತಕ್ಕಡಿ ಹಿಡಿದವನಾದ್ದರಿಂದ ತೂಕದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ಸ್ಲೀಪರ್ ದರ್ಜೆಯ ಪ್ರಯಾಣಿಕನೊಬ್ಬನು ಶುಲ್ಕವಿಲ್ಲದೆ ಒಯ್ಯಬಹುದಾದ ಸಾಮಾನು 40 ಕಿಲೋ. ಬೋಗಿಯ ಒಂದು ವಿಭಾಗದಲ್ಲಿ ಎಂಟು ಬರ್ತುಗಳು. ಎಂಟು ಜನರೂ ತಮ್ಮ ಹಕ್ಕನ್ನು ಪೂರ್ತಿಯಾಗಿ ಚಲಾಯಿಸಿದರೆ ಆ ಪುಟ್ಟ ವಿಭಾಗದಲ್ಲಿ 320 ಕಿಲೋ, ಎಂದರೆ ಮೂರು ಕ್ವಿಂಟಾಲಿಗೂ ಮಿಗಿಲಾದ ಹೊರೆ. ಹಳೆಯ ಮಾದರಿಯ 72 ಬರ್ತುಗಳ ಬೋಗಿಯಲ್ಲಿ ಒಟ್ಟು 2,880 ಕಿಲೋ. ಈಗಿನ ಎಲ್‌ಎಚ್‌ಬಿ ಬೋಗಿಯ 80 ಬರ್ತುಗಳಿಗೆ 3,200 ಕಿಲೋ. ಇಷ್ಟನ್ನು ಇಡಲು ಸ್ಥಳವೆಲ್ಲಿದೆ? ಎದುರುಬದುರಾದ ಎರಡು ಕೆಳಬರ್ತುಗಳ ಅಡಿಯ ಜಾಗ ಆರು ಜನರ ಪಾಲು. ಸುಮಾರು ಆರು ಅಡಿ ಉದ್ದದ ಬರ್ತಿನ ಅಡಿಯಲ್ಲಿ ಮೂವರಿಗೆ ಹಂಚಿದರೆ ತಲೆಗೆ ಎರಡಡಿ. ರೈಲ್ವೆಯವರು ಒಪ್ಪುವ ಪೆಟ್ಟಿಗೆಯ ಗರಿಷ್ಠ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ. ಅಂಥದ್ದೊಂದನ್ನು ಉದ್ದಕ್ಕೆ ತಳ್ಳಿದರೆ ಮೂವರ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನದಾಯಿತು. ತೂಕದ ನಿಯಮವನ್ನು ಪಾಲಿಸಿಯೂ ನೆರೆಯವನ ಪಾಲನ್ನು ಕಬಳಿಸಬಹುದೆಂಬುದು ಇದರಿಂದ ಸ್ಪಷ್ಟ. ಆದರೂ ಕೆಳಬರ್ತು ದೊರೆತವರು ಅದರ ಅಡಿಯ ಜಾಗವೂ ತಮ್ಮ ಪಿತ್ರಾರ್ಜಿತವೆಂಬಂತೆ ವರ್ತಿಸುತ್ತಾರೆ. ಅವರ ಟಿಕೆಟಿನಲ್ಲಿರುವುದು ಮಲಗುವ ಹಲಗೆಯ ಸಂಖ್ಯೆಯೇ ಹೊರತು ನೆಲದ ಹಕ್ಕುಪತ್ರವಲ್ಲ.

ಅನ್ಯರನ್ನು ದೂರುವ ಮೊದಲು ನನ್ನ ಮಾತನ್ನು ಹೇಳಬೇಕು. ಅನೇಕ ವರ್ಷಗಳ ಹಿಂದೆ ಯಾತ್ರಾಸಂಘವೊಂದರ ಜೊತೆ ಶಿಖರಜಿಗೆ ಹೊರಟಿದ್ದೆ. ನಮ್ಮ ವಿಭಾಗದಲ್ಲಿ ಆರು ಜನ ನಮ್ಮವರು. ಸಂಜೆಗೇ ಎರಡೂ ಕೆಳಬರ್ತುಗಳ ಅಡಿ ತುಂಬಿ, ಉಳಿದ ಗಂಟುಗಳು ಪಕ್ಕದ ಬರ್ತಿನ ಅಡಿಗೂ ನುಸುಳಿದ್ದವು. ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ಒಬ್ಬ ತಾಯಿ ಎಳೆಗೂಸನ್ನು ಎತ್ತಿಕೊಂಡು, ವೃದ್ಧ ತಂದೆಯೊಡನೆ ಹತ್ತಿದಳು. ಪಕ್ಕದ ಎರಡು ಬರ್ತುಗಳು ಅವರವು. ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳೆಂದು ಬೆಳಿಗ್ಗೆ ತಿಳಿಯಿತು. ಅವಳ ಬಳಿ ಇದ್ದುದು ಒಂದು ಚೀಲ, ಒಂದು ಬುಟ್ಟಿ. ಎರಡನ್ನೂ ಇಡಲು ತೆರಪಿರಲಿಲ್ಲ. ಸ್ವಲ್ಪ ಸರಿಸಿಕೊಡುವಿರಾ ಎಂದು ಕೇಳಿದಳು. ನಮ್ಮ ಹಿರಿಯರೊಬ್ಬರು ಮಲಗಿದ್ದಲ್ಲಿಂದಲೇ, ಮೊದಲು ಬಂದವರು ಮೊದಲು ಇಟ್ಟಿದ್ದೇವೆ ಎಂದು ಹರಕು ಹಿಂದಿಯಲ್ಲಿ ಗದರಿಸಿದರು. ಆ ವೃದ್ಧನು ಚೀಲವನ್ನು ಬರ್ತಿನ ಮೇಲೆ ಕಾಲು ಚಾಚುವ ಕಡೆಗೆ ಇಟ್ಟುಕೊಂಡು, ಬುಟ್ಟಿಯನ್ನು ತೊಡೆಯ ಮೇಲಿರಿಸಿಕೊಂಡು ಬೆಳಗಿನವರೆಗೂ ಕುಳಿತೇ ಇದ್ದನು. ಪಕ್ಕದ ಬರ್ತಿನ ಅಡಿಯಲ್ಲಿದ್ದ ಗಂಟುಗಳಲ್ಲಿ ಎರಡು ನನ್ನವು. ನಾನು ಎಚ್ಚರವಾಗಿದ್ದೆ, ನಿದ್ರಿಸುತ್ತಿರುವವನಂತೆ ಕಣ್ಣು ಮುಚ್ಚಿಕೊಂಡಿದ್ದೆ. ಮರುದಿನ ಪಾರಸನಾಥ ನಿಲ್ದಾಣದಲ್ಲಿ ಇಳಿದು ಮಧುಬನವನ್ನು ಸೇರಿ, ಅದರ ಮರುದಿನ ಬೆಟ್ಟವನ್ನೇರಿ, ಒಂಬತ್ತು ಕಿಲೋಮೀಟರು ಹತ್ತುವುದು, ಒಂಬತ್ತು ಟೋಂಕುಗಳ ವಂದನೆ, ಒಂಬತ್ತು ಇಳಿಯುವುದು ಎಂದು ಎಣಿಸುವ ಇಪ್ಪತ್ತೇಳು ಕಿಲೋಮೀಟರುಗಳ ಯಾತ್ರೆಯನ್ನು ಕಾಲ್ನಡಿಗೆಯಿಂದಲೇ ಪೂರೈಸಿದೆ. ಊರಿನಲ್ಲಿ ಎಲ್ಲರೂ ಪುಣ್ಯವಂತನೆಂದು ಹೊಗಳಿದರು. ಆ ಪುಣ್ಯದಿಂದ ಒಂದು ರಾತ್ರಿಯ ಲೆಕ್ಕವನ್ನು ಕಳೆಯಬೇಕೆಂಬುದು ನನಗೊಬ್ಬನಿಗೇ ತಿಳಿದಿತ್ತು.

ಶಾಸ್ತ್ರವನ್ನು ನೋಡೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹದೊಡನೆ ಅತಿಭಾರವಹನವನ್ನೂ ಹೇಳಿದ್ದಾರೆ. ಅದೇ ಗ್ರಂಥದಲ್ಲಿ ಅಹಿಂಸಾಣುವ್ರತದ ಅತಿಚಾರಗಳ ಸಾಲಿನಲ್ಲಿ ಅತಿಭಾರಾರೋಪಣವೂ ಇದೆ. ಮಿತಿಮೀರಿದ ಹೊರೆಯೆಂಬ ಒಂದೇ ದೋಷ ಎರಡು ವ್ರತಗಳನ್ನು ಕೆಡಿಸುತ್ತದೆಂದು ಆಚಾರ್ಯರು ಕಂಡುಕೊಂಡಿದ್ದರು. ಅಂದು ಹೊರೆ ಹೊತ್ತವು ಎತ್ತು, ಕುದುರೆಗಳು. ಇಂದು ನಮ್ಮ ಎರಡು ಸೂಟ್‌ಕೇಸುಗಳನ್ನು ತಲೆಯ ಮೇಲೆ ಪೇರಿಸಿ, ಮೂರನೆಯದನ್ನು ತೋಳಿಗೆ ನೇತುಹಾಕಿ, ಮೇಲ್ಸೇತುವೆಯ ಮೆಟ್ಟಿಲು ಹತ್ತುವ ಕೂಲಿಯು ಮನುಷ್ಯ. ಅವನೊಡನೆ ಹತ್ತು ರೂಪಾಯಿಗೆ ಜಗಳ ಕಾಯುವ ನಮ್ಮ ಕೋಟ್ಯಧೀಶರ ವಿಷಯವನ್ನು ಇನ್ನೊಮ್ಮೆ ಬರೆಯುತ್ತೇನೆ.

ಇನ್ನು ಅಸ್ತೇಯ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಹೀನಾಧಿಕ ಮಾನೋನ್ಮಾನವನ್ನೂ ಸೇರಿಸಿದ್ದಾರೆ. ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಮೋಸ ಮಾಡುವುದು ಎಂದು ಅರ್ಥ. 40 ಕಿಲೋ ಮೀರಿದ ಸಾಮಾನನ್ನು ಲಗೇಜು ಕಚೇರಿಯಲ್ಲಿ ತೂಗಿಸಿ ಹಣ ಕಟ್ಟಿದರೆ ಒಟ್ಟು 80 ಕಿಲೋವರೆಗೆ ಒಯ್ಯಲು ಸ್ಲೀಪರ್ ದರ್ಜೆಯವನಿಗೆ ಅವಕಾಶವಿದೆ. ತೂಗಿಸದೆ ಒಯ್ದು ಸಿಕ್ಕಿಬಿದ್ದರೆ ಹೆಚ್ಚುವರಿಗೆ ಲಗೇಜು ದರದ ಆರು ಪಟ್ಟು ತೆರಬೇಕಾಗುತ್ತದೆ. ಆದರೆ ತಪಾಸಣೆಯವರು ತೂಗುವುದು ಅಪರೂಪವೆಂಬ ಧೈರ್ಯ ನಮ್ಮದು. ಅಂಗಡಿಯಲ್ಲಿ ಐವತ್ತು ಗ್ರಾಮು ಕಡಿಮೆ ತೂಗಿದ ಹುಡುಗನನ್ನು ಬೈಯುವವರು ರೈಲಿನಲ್ಲಿ ಮೂವತ್ತು ಕಿಲೋ ಮರೆಸುವುದನ್ನು ಜಾಣತನವೆಂದು ಭಾವಿಸುವುದು ನನಗಂತೂ ಅರ್ಥವಾಗಿಲ್ಲ.

ಇದಕ್ಕೆ ನಮ್ಮವರು ಕೊಡುವ ಮೊದಲ ಉತ್ತರ ಶುದ್ಧ ಆಹಾರ. ಈ ಉತ್ತರವನ್ನು ನಾನು ಗೌರವಿಸುತ್ತೇನೆ. ರಾತ್ರಿಭೋಜನ ತ್ಯಾಗವನ್ನೂ ಸೋಸಿದ ನೀರಿನ ನಿಯಮವನ್ನೂ ಪಾಲಿಸುವವರು ಗಾಡಿಯಲ್ಲಿ ಮಾರುವುದನ್ನು ತಿನ್ನಲಾರರು. ಆದರೆ ಗಾಡಿಯಲ್ಲಿ ಕಳೆಯುವ ಎರಡು ಮೂರು ದಿನಗಳಿಗೆ ಒಬ್ಬನಿಗೆ ಬೇಕಾದ ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ಎಷ್ಟು ತೂಗುತ್ತದೆ? ನಾನು ತೂಗಿ ನೋಡಿದ್ದೇನೆ. ಮೂರು ಕಿಲೋ ದಾಟುವುದಿಲ್ಲ. ಮಧುಬನದ ಧರ್ಮಶಾಲೆಗಳಲ್ಲಿ ಶುದ್ಧ ಭೋಜನಶಾಲೆಗಳಿವೆ. ಅಲ್ಲಿಗೆ ಇಲ್ಲಿಂದ ಅಕ್ಕಿ ಹೊರುವುದು ವ್ರತಪಾಲನೆಯೋ ರುಚಿಯ ಚಪಲವೋ ಎಂಬುದನ್ನು ಹೊತ್ತವರೇ ಹೇಳಲಿ. ಅಡುಗೆಯ ಸಾಮಗ್ರಿಯೊಡನೆ ಒಲೆಯನ್ನೂ ಗ್ಯಾಸ್ ಸಿಲಿಂಡರನ್ನೂ ಒಯ್ಯುವ ಸಂಘಗಳಿಗೆ ಮಾತ್ರ ನನ್ನ ಬಳಿ ವಿನಯದ ಮಾತಿಲ್ಲ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದರಲ್ಲಿ, ನಿಯಮ ಮೀರಿ ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ, ಉತ್ತರ ಪ್ರದೇಶದಿಂದ ಬಂದಿದ್ದ ಯಾತ್ರಿಕರಲ್ಲಿ ಒಂಬತ್ತು ಜನ ಸುಟ್ಟು ಸತ್ತರು. ಅವರೂ ದೇವರ ದರ್ಶನಕ್ಕೇ ಹೊರಟವರು. 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನಲ್ಲಿ ಇಂಥ ಅಪಾಯಕರ ವಸ್ತುಗಳಿಗೆ ಮೂರು ವರ್ಷಗಳವರೆಗಿನ ಸೆರೆಮನೆಯ ಶಿಕ್ಷೆಯಿದೆ. ಏಕೇಂದ್ರಿಯ ಜೀವಿಗಳಿಗೂ ಮರುಗುವ ನಮಗೆ ಕಾಯಿದೆಯ ಭಯ ಬೇಕಾಗಬಾರದಿತ್ತು.

ಪಂಡಿತರೊಬ್ಬರು ನನ್ನೊಡನೆ ವಾದಿಸುತ್ತಾ, ಪರಿಗ್ರಹವೆಂದರೆ ಮೂರ್ಛೆ, ಮಮತ್ವ, ವಸ್ತುವಲ್ಲ, ನನಗೆ ಆ ಗಂಟುಗಳಲ್ಲಿ ಮೋಹವಿಲ್ಲ ಎಂದರು. ಉತ್ತಮ ವಾದವೇ. ಆದರೆ ರಾತ್ರಿ ಗಾಡಿ ನಿಂತಲ್ಲೆಲ್ಲ ಎದ್ದು, ಬರ್ತಿನ ಅಡಿಗೆ ಕೈಹಾಕಿ ಸರಪಳಿಯನ್ನು ತಡವಿ ನೋಡುವವನಿಗೆ ಮೂರ್ಛೆಯಿಲ್ಲವೆಂದು ಯಾವ ಸೂತ್ರದಿಂದ ಸಾಧಿಸುವುದು? ಆ ಭಯವೂ ನಿರಾಧಾರವಲ್ಲ. ನಮ್ಮ ಕೈಯಲ್ಲೇ ಇರುವ ಸಾಮಾನು ಕಳುವಾದರೆ, ಸಿಬ್ಬಂದಿಯ ಅಲಕ್ಷ್ಯ ಅಥವಾ ದುರ್ವರ್ತನೆ ಸಿದ್ಧವಾದ ಹೊರತು ರೈಲ್ವೆಯು ಹೊಣೆಯಲ್ಲವೆಂದು ಅದೇ ಕಾಯಿದೆಯ 100ನೆಯ ಕಲಮು ಹೇಳುತ್ತದೆ. ಐದು ಗಂಟುಗಳನ್ನು ಕಾಯುವವನಿಗೆ ನಿದ್ರೆಯಿಲ್ಲ, ಜಪವೂ ಇಲ್ಲ. ಎರಡು ಚೀಲದವನು ಹಣ, ಟಿಕೆಟು, ಔಷಧಗಳ ಚಿಕ್ಕ ಚೀಲವನ್ನು ತಲೆಯ ಅಡಿಯಲ್ಲಿಟ್ಟು, ಇನ್ನೊಂದನ್ನು ಸೀಟಿನ ಅಡಿಯ ಬಳೆಗೆ ಬಿಗಿದು ಮಲಗಬಹುದು.

ಹೆಂಗಸರು ತುಂಬಿದರು, ನಾವೇನು ಮಾಡೋಣ ಎನ್ನುವ ಗಂಡಸರಿಗೆ ಉತ್ತರಿಸುವುದೂ ವ್ಯರ್ಥ. ದಾರಿಯಲ್ಲಿ ಸಿಗುವ ವರ್ತಕ ಮಿತ್ರರಿಗೆಂದು ಮಾದರಿಯ ಸರಕನ್ನು ಯಾತ್ರೆಯ ಸಾಮಾನಿನಲ್ಲಿ ಸೇರಿಸುವವರು ಹೆಂಗಸರಲ್ಲವಷ್ಟೆ.

ಕಳೆದೆರಡು ಯಾತ್ರೆಗಳಲ್ಲಿ ನಾನು ಅನುಸರಿಸಿದ ಕ್ರಮವಿದು. ಹೊರಡುವ ಹಿಂದಿನ ದಿನ ಎಲ್ಲವನ್ನೂ ಅಂಗಡಿಯ ತಕ್ಕಡಿಯ ಮೇಲಿಟ್ಟೆ. ಮಿತಿ 12 ಕಿಲೋ ಎಂದು ಮೊದಲೇ ನಿಯಮ ಮಾಡಿಕೊಂಡಿದ್ದೆ. ಮೊದಲ ಸಲ ತೂಗಿದಾಗ 19 ಆಯಿತು. ಎರಡು ಜೊತೆ ಬಟ್ಟೆ, ಒಂದು ಶಾಲು, ಒಂದು ದಪ್ಪ ಪುಸ್ತಕ ಮನೆಯಲ್ಲೇ ಉಳಿದವು. ಪೆಟ್ಟಿಗೆಯ ಬದಲು ಮೆತ್ತನೆಯ ಚೀಲ. ಅದು ಸಿಕ್ಕ ಸಂದಿಗೆ ಹೊಂದಿಕೊಳ್ಳುತ್ತದೆ. ಗಾಡಿ ಹತ್ತಿದೊಡನೆ ಕೆಳಗಿನ ಜಾಗವನ್ನು ಮೂರು ಪಾಲಾಗಿ ಕಂಡು, ಒಂದು ಪಾಲಿನಲ್ಲಿ ಮಾತ್ರ ಇಟ್ಟು, ಮುಂದೆ ಹತ್ತುವವರಿಗೆ ಉಳಿದದ್ದನ್ನು ಬಿಟ್ಟೆ. ಓಡಾಡುವ ದಾರಿಯಲ್ಲಿ, ಬಾಗಿಲ ಬಳಿಯಲ್ಲಿ ಏನನ್ನೂ ಇಡಲಿಲ್ಲ. ಹೆಚ್ಚಿನ ಸಾಮಾನು ನಿಜಕ್ಕೂ ಬೇಕಾದ ಸಂಘದವರು ಅದನ್ನು ಮೊದಲೇ ಲಗೇಜು ಕಚೇರಿಯಲ್ಲಿ ಕಾಯ್ದಿರಿಸಿ ಬ್ರೇಕ್‌ವ್ಯಾನಿನಲ್ಲಿ ಹಾಕಿಸಬೇಕು; ರಸೀತಿ ಪಡೆದ ಆ ಸಾಮಾನಿಗಾದರೆ ರೈಲ್ವೆಯ ಹೊಣೆಯೂ ಇರುತ್ತದೆ.

ನಮ್ಮ ಊರಿನ ಯಾತ್ರಾ ಸಮಿತಿಯ ಕರಪತ್ರದಲ್ಲಿ ಹೊರಡುವ ದಿನ, ತಲುಪುವ ದಿನ, ವಂತಿಗೆಯ ಮೊತ್ತ, ದಾನಿಗಳ ಹೆಸರು ಎಲ್ಲವೂ ಇರುತ್ತವೆ. ತಲೆಗೆ 15 ಕಿಲೋ ಮಾತ್ರ, ಒಲೆ ಸಿಲಿಂಡರುಗಳಿಗೆ ಪ್ರವೇಶವಿಲ್ಲ ಎಂಬ ಒಂದು ಸಾಲನ್ನು ಸೇರಿಸಿರೆಂದು ಎರಡು ಸಲ ಪತ್ರ ಬರೆದೆ. ಯಾತ್ರಿಕರ ಸಂಖ್ಯೆ ಕಡಿಮೆಯಾಗುವುದೆಂದು ಉತ್ತರ ಬಂತು. ಕಡಿಮೆಯಾಗಲಿ ಎಂದು ಮೂರನೆಯ ಪತ್ರವನ್ನು ಬರೆದಿದ್ದೇನೆ. ಮುಂದಿನ ಯಾತ್ರೆಯ ದಿನ ನಿಲ್ದಾಣದ ಬಾಗಿಲಿಗೆ ಅಂಗಡಿಯ ತಕ್ಕಡಿಯನ್ನು ತರಲು ನಾನು ಸಿದ್ಧನಿದ್ದೇನೆ. ಸಮಿತಿಯವರು ಅನುಮತಿಯನ್ನಷ್ಟೇ ಕೊಡಬೇಕು.