ಶೆಟ್ಟಿಹಳ್ಳಿ ಬರಿಯ ನೋಟವಲ್ಲ

ದುರಂತದ ಕುರುಹುಗಳನ್ನು ಅರಸಿ ಹೋಗುವುದು ಲೋಕದಲ್ಲೆಲ್ಲ ಪ್ರವಾಸದ ಒಂದು ಬಗೆಯಾಗಿದೆ. ನಮ್ಮ ಜಿಲ್ಲೆಯಲ್ಲಿ ಅಂಥ ತಾಣವೆಂದರೆ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಅದರ ಪಾಳು ಗೋಡೆಗಳನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಆಲಯದಲ್ಲಿ ಶತಮಾನಕ್ಕೂ ಮೀರಿ ಬಲಿಪೂಜೆ ನಡೆಯಿತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ, 1979ರಲ್ಲಿ ಕೆಲಸ ಮುಗಿಯಿತು. ಹಿನ್ನೀರು ಊರನ್ನು ಆವರಿಸಿತು. ಜನ ಮನೆ, ಹೊಲ, ಹಿರಿಯರ ನೆಲ ಬಿಟ್ಟು ಹೊರಟರು. ಅದೇ ನೀರು ಇಂದು ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಗದ್ದೆಗಳಿಗೆ ಹರಿಯುತ್ತಿದೆ. ನಮ್ಮ ಅನ್ನದಲ್ಲಿ ಅವರ ತ್ಯಾಗದ ಪಾಲಿದೆ.

ಪ್ರವಾಸಿಗರನ್ನು ತಡೆಯಬೇಕೆನ್ನುವವರು ಇದ್ದಾರೆ. ಅವರಿಂದ ನಾಲ್ಕು ಕಾಸಾದರೂ ಬರಲಿ ಎನ್ನುವವರೂ ಇದ್ದಾರೆ. ಬಂದ ಅತಿಥಿಯನ್ನು ಅಟ್ಟುವುದು ಕ್ರೈಸ್ತ ಧರ್ಮವಲ್ಲ. ಆದರೆ ಛಾಯಾಚಿತ್ರ ತೆಗೆದುಕೊಂಡು ಹೋಗುವವರಿಗೆ ಇದು ಪ್ರಾರ್ಥನೆಯ ಮನೆಯಾಗಿತ್ತೆಂದು ತಿಳಿಸುವ ಹೊಣೆ ನಮ್ಮದೇ. ಶಿಥಿಲ ಗೋಡೆಗಳು ವರ್ಷವರ್ಷವೂ ಕರಗುತ್ತಿವೆ. ಊರು ಬಿಟ್ಟ ಹಿರಿಯರೂ ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಅವರ ನೆನಪುಗಳನ್ನು ಈಗಲೇ ಕೇಳಿ ಬರೆದಿಡೋಣ. ಬೇಸಿಗೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಮೊದಲು ಒಂದು ಜಪಮಾಲೆ ಹೇಳಿಸೋಣ. ನಾವೇ ಗೌರವಿಸದ ನೆಲವನ್ನು ಪರರು ಗೌರವಿಸಲೆಂದು ಬಯಸುವುದು ನ್ಯಾಯವೇ?