ಪೊಲ್ಲಿಲೂರನ್ನು ಒಮ್ಮೆ ಮೇಲಿನಿಂದ ನೋಡೋಣ

ಮೈಸೂರಿನ ರಾಕೆಟ್ ಬಗ್ಗೆ ಮಾತಾಡದ ಇಂಜಿನಿಯರಿಂಗ್ ವಿದ್ಯಾರ್ಥಿ ಸಿಗೋದು ಕಷ್ಟ. ಟೆಕ್ ಫೆಸ್ಟ್ ಭಾಷಣದಲ್ಲಿ ಅದು ಬರಲೇಬೇಕು, ಚಪ್ಪಾಳೆ ಬೀಳಲೇಬೇಕು. ಆದರೆ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಯಾರು ಹೇಗೆ ನಿಂತಿದ್ದರು, ಎಷ್ಟು ಜಾಗ ಹಿಡಿದಿದ್ದರು ಅಂತ ಕೇಳಿ ನೋಡಿ. ಎಲ್ಲರೂ ಗಪ್‌ಚುಪ್. ನಮ್ಮ ಸಲಹೆ ಇಷ್ಟೇ: ಆ ಯುದ್ಧದ ಕಾಯಿಗಳನ್ನು ನಾವೇ ಬರೆದು, ಪ್ರಿಂಟ್ ಹಾಕಿ, ಕತ್ತರಿಸಿ ಆಡೋಣ.

ಮಿನಿಯೇಚರ್ ವಾರ್‌ಗೇಮ್ ಅಂದರೆ ಹಳೆಯ ಯುದ್ಧವೊಂದನ್ನು ಮೇಜಿನ ಮೇಲೆ ಅಳತೆಗೆ ತಕ್ಕಂತೆ ಆಡುವುದು. ಲೋಹದ ಪುಟ್ಟ ಸೈನಿಕರನ್ನು ನೂರಾರು ಸಂಖ್ಯೆಯಲ್ಲಿ ಕೊಳ್ಳುವುದು ನಮ್ಮ ಜೇಬಿಗೆ ಆಗದ ಮಾತು. ಅದರ ಬದಲು, ಒಂದು ತುಕಡಿಯನ್ನು ಆಕಾಶದಿಂದ ನೋಡಿದರೆ ಹೇಗೆ ಕಾಣುತ್ತೋ ಹಾಗೆ ಬರೆದು ರಟ್ಟಿಗೆ ಅಂಟಿಸಿದರೆ ಸಾಕು. ಚೌಕಾಬಾರದ ಕಾಯಿಯಂಥದ್ದೇ, ಆದರೆ ಇಲ್ಲಿ ಕಾಯಿಯ ಅಗಲಕ್ಕೂ ಲೆಕ್ಕ ಇದೆ.

ಲೆಕ್ಕ ಹಾಕೋಣ. ಹೆಗಲಿಗೆ ಹೆಗಲು ತಾಗಿಸಿ ನಿಂತ ಕಾಲಾಳಿಗೆ ಸುಮಾರು 56 ಸೆಂ.ಮೀ. ಅಗಲ ಬೇಕು. ನೂರು ಜನ ಎರಡು ಸಾಲಲ್ಲಿ ನಿಂತರೆ 28 ಮೀಟರ್. ಒಂದು ಮೀಟರಿಗೆ ಒಂದು ಮಿ.ಮೀ. ಅಂತ ಹಿಡಿದರೆ ಕಾಯಿ 28 ಮಿ.ಮೀ. ಅಗಲ. ಆಳ ಮಾತ್ರ ಮೂರು ನಾಲ್ಕು ಮಿ.ಮೀ., ಬೆರಳಿಗೂ ಸಿಗಲ್ಲ! ಹಾಗಾಗಿ ಆಳವನ್ನು 15 ಮಿ.ಮೀ. ಮಾಡಿ ಉಳಿದ ಜಾಗಕ್ಕೆ ಹುಲ್ಲಿನ ಬಣ್ಣ ತುಂಬಬೇಕು. ಯುದ್ಧದ ಸಾಲು ಎಷ್ಟು ತೆಳ್ಳಗಿತ್ತು ಅಂತ ಯಾವ ಭಾಷಣವೂ ನಮಗೆ ಹೇಳಿರಲಿಲ್ಲ.

ಕರ್ನಲ್ ಬೈಲಿಯ ಬಳಿ ಇದ್ದದ್ದು ಸುಮಾರು 3,800 ಜನ. ಎಲ್ಲರೂ ಕಾಲಾಳು ಅಂತಲೇ ಹಿಡಿದರೆ 38 ಕಾಯಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಚಿತ್ರದಲ್ಲಿರುವಂತೆ ಚೌಕಾಕಾರದಲ್ಲಿ ಜೋಡಿಸಿದರೆ ಒಂದು ಬದಿಗೆ ಸುಮಾರು 270 ಮಿ.ಮೀ. ಎ4 ಹಾಳೆಯ ಉದ್ದಕ್ಕಿಂತಲೂ ಕಡಿಮೆ! ನಡುವೆ ಮದ್ದಿನ ಬಂಡಿಗಳು. ಅವು ಸಿಡಿದದ್ದು ರಾಕೆಟ್‌ನಿಂದ ಅಂತ ಕೆಲವರು, ಫಿರಂಗಿಯಿಂದ ಅಂತ ಕೆಲವರು ಬರೆದಿದ್ದಾರೆ. ಏನೇ ಇರಲಿ, ಗುರಿ ತಪ್ಪುವ ರಾಕೆಟ್‌ಗೂ ಇಷ್ಟು ಒತ್ತೊತ್ತಾಗಿ ನಿಂತ ಜನರೇ ಗುರಿಯಾಗ್ತಾರೆ ಅನ್ನೋದು ಮೇಜಿನ ಮೇಲೆ ತಾನಾಗಿಯೇ ಕಾಣುತ್ತೆ.

ಇನ್ನೂ ಮುಖ್ಯವಾದದ್ದು ಬಣ್ಣ. ಮೇಲಿನಿಂದ ನೋಡಿದರೆ ಮುಖ ಕಾಣಲ್ಲ, ತಲೆ ಮತ್ತು ಹೆಗಲು ಅಷ್ಟೇ. ಬೈಲಿಯ ದಂಡಿನಲ್ಲಿ ಐರೋಪ್ಯರು ಕೆಲವೇ ನೂರು ಜನ, ಉಳಿದವರೆಲ್ಲ ಮದ್ರಾಸಿನ ಸೈನ್ಯದ ಸಿಪಾಯಿಗಳು. 38 ಕಾಯಿಗಳಲ್ಲಿ ಯುರೋಪಿನವರ ಟೋಪಿ ಬರೆಯಬೇಕಾದದ್ದು ಬೆರಳೆಣಿಕೆಯಷ್ಟಕ್ಕೆ. ಈ ಕಡೆ ಹೈದರನ ದಂಡಿನಲ್ಲಿ ಫ್ರೆಂಚರೂ ಇದ್ದರು. ‘ನಾವು’ ಒಂದು ಬಣ್ಣ, ‘ಅವರು’ ಇನ್ನೊಂದು ಬಣ್ಣ ಅಂತ ಫಿಲ್ ಟೂಲ್ ಒತ್ತೋಕೆ ಹೋದರೆ ಕೈ ತಡೆಯುತ್ತೆ. ತಡೀಬೇಕು ಕೂಡ.

ಸತ್ತವರ ಮೇಲೆ ಆಟವಾ ಅಂತ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸತ್ತವರ ಮೇಲೆ ಚಪ್ಪಾಳೆ ತಟ್ಟೋದನ್ನು ನಾವು ಆಗಲೇ ಮಾಡ್ತಾ ಇದೀವಲ್ಲ! ಒಂದು ಕಾಯಿ ಎತ್ತಿಟ್ಟಾಗ ನೂರು ಜನ ಹೋದರು ಅಂತ ಲೆಕ್ಕ ಇಡೋ ಆಟ ಅದಕ್ಕಿಂತ ಮೇಲು.

ಕೆಲಸ ಕಷ್ಟವಿಲ್ಲ. ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತೆ. ಒಬ್ಬ ಸಿಪಾಯಿಯನ್ನು ಬರೆದು ಕ್ಲೋನ್ ಮಾಡಿ. 28 ಮಿ.ಮೀ.ನಲ್ಲಿ ಐವತ್ತು ತಲೆ ಬರೀ ಚುಕ್ಕೆಗಳಾಗುತ್ತವೆ, ಸಾಲಿಗೆ ಹನ್ನೆರಡು ಸಾಕು. ನೆರಳು ಹಾಕಬೇಡಿ: ಕಾಯಿ ತಿರುಗಿಸಿದರೆ ಸೂರ್ಯನೂ ತಿರುಗಿದಂತೆ ಕಾಣುತ್ತೆ. ಕತ್ತರಿಸುವ ಗೆರೆಯಿಂದ ಎರಡು ಮಿ.ಮೀ. ಆಚೆಗೂ ಹುಲ್ಲಿನ ಬಣ್ಣ ಇರಲಿ, ಇಲ್ಲದಿದ್ದರೆ ಅಂಚಲ್ಲಿ ಬಿಳಿ ಇಣುಕುತ್ತೆ. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ತೆಗೆದು 100% ಇಡಿ, ಇಲ್ಲಾಂದ್ರೆ ಅಳತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದ ಹಾಗೆ. ಊಹೆ ಮಾಡಿ ಹಾಕಿದ ಬಣ್ಣವಿದ್ದರೆ ಕಾಯಿಯ ಹಿಂಬದಿಗೆ ‘ಊಹೆ’ ಅಂತ ಬರೀರಿ.

ಮೊದಲು ಸಿಪಾಯಿಗಳು, ಆಮೇಲೆ ಕುದುರೆಗಳು, ಬಂಡಿಗಳು. ರಾಕೆಟ್ ತುಕಡಿಯ ಕಾಯಿಯನ್ನು ಕೊನೆಗೆ ಬರೆಯೋಣ.