ಕಡತದ ಬಾಲ ಬದಲಿಸುವ ಮುನ್ನ

ಈ ಸಲದ ಪ್ರಶ್ನೆ ಕಾಶಿಯ ಶಿವಾಲದಿಂದ ಬಂದಿದೆ. ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಆಸುಪಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ ದಕ್ಷಿಣದ ಮನೆಗಳಲ್ಲಿ ಅವರದೂ ಒಂದು. ಯಾತ್ರೆಗೆ ಬಂದವರ ಊರು, ಹೆಸರು, ಗೋತ್ರಗಳನ್ನು ಅಜ್ಜ ಬರೆದಿಟ್ಟ ವಹಿಗಳಿವೆ. ಹಾಳೆ ಮುಟ್ಟಿದರೆ ಪುಡಿ. ಮೊಮ್ಮಕ್ಕಳು ಸೇರಿ ಫೋಟೊ ತೆಗೆದಿದ್ದಾರೆ. ಕ್ಯಾಮೆರಾದ ಕಡತಗಳಿಗೆ ದೊಡ್ಡಕ್ಷರದ ಜೆಪಿಜಿ ಬಾಲ, ವಾಟ್ಸಾಪಿನವಕ್ಕೆ ಜೆಪಿಇಜಿ, ಐಫೋನಿನವಕ್ಕೆ ಎಚ್‌ಇಐಸಿ. ಲಿನಕ್ಸ್‌ನಲ್ಲಿ ಎಲ್ಲವನ್ನೂ ಸಣ್ಣಕ್ಷರದ ಜೆಪಿಜಿ ಮಾಡುವುದು ಹೇಗೆ?

ಹೆಸರು ಬದಲಿಸಲು ‘ಎಂವಿ’ ಆಜ್ಞೆ ಸಾಕು. ಆದರೆ ನಕ್ಷತ್ರ ಚಿಹ್ನೆ ಹಾಕಿ ಒಂದೇ ಏಟಿಗೆ ಮುಗಿಸಲು ಆಗದು. ನಕ್ಷತ್ರವನ್ನು ಶೆಲ್ ಮೊದಲೇ ಬಿಡಿಸಿ, ಕಡತಗಳ ಉದ್ದ ಪಟ್ಟಿಯನ್ನು ಎಂವಿ ಕೈಗಿಡುತ್ತದೆ. ಪಟ್ಟಿಯ ಕೊನೆಯದು ಫೋಲ್ಡರ್ ಅಲ್ಲವೆಂದು ಅದು ಗೊಣಗುತ್ತದೆ. ಹಾಗಾಗಿ ‘ಫಾರ್’ ಸುತ್ತು ಬೇಕು: ಒಂದೊಂದೇ ಕಡತ ತೆಗೆದುಕೊಂಡು, ಶೇಕಡಾ ಚಿಹ್ನೆಯಿಂದ ಹಳೆ ಬಾಲ ಕತ್ತರಿಸಿ, ಹೊಸದನ್ನು ಅಂಟಿಸುವುದು. ವಾಟ್ಸಾಪ್ ಹೆಸರುಗಳ ನಡುವೆ ಖಾಲಿ ಜಾಗ ಇರುತ್ತದೆ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ತಪ್ಪಿದರೆ ಒಂದು ಹೆಸರು ಹಲವು ಚೂರಾಗುತ್ತದೆ. ಮೊದಲ ಓಟದಲ್ಲಿ ಎಂವಿ ಮುಂದೆ ‘ಎಕೋ’ ಸೇರಿಸಿ. ಏನೂ ಬದಲಾಗದು, ಏನು ಬದಲಾಗಲಿದೆ ಎಂಬುದಷ್ಟೇ ತೆರೆಯ ಮೇಲೆ ಬರುತ್ತದೆ.

ಐಫೋನಿನ ಕಡತಗಳನ್ನು ಮಾತ್ರ ಈ ಸುತ್ತಿಗೆ ಸೇರಿಸಬೇಡಿ. ಉಪ್ಪಿನಕಾಯಿ ಭರಣಿಗೆ ತುಪ್ಪವೆಂದು ಚೀಟಿ ಅಂಟಿಸಿದರೆ ಒಳಗಿನದು ತುಪ್ಪವಾಗುತ್ತದೆಯೇ? ಎಚ್‌ಇಐಸಿ ಬೇರೆಯೇ ಬಗೆಯ ಚಿತ್ರ. ಅದನ್ನು ‘ಹೀಫ್-ಕನ್ವರ್ಟ್’ನಂಥ ಸಾಧನದಿಂದ ನಿಜವಾಗಿಯೇ ಪರಿವರ್ತಿಸಬೇಕು.

ನನಗೆ ಹೆದರಿಕೆ ಇನ್ನೊಂದು ಕಡೆ. ಐಫೋನೂ ಹಲವು ಕ್ಯಾಮೆರಾಗಳೂ ಚಿತ್ರಗಳಿಗೆ ‘ಐಎಂಜಿ’ ಎಂದೇ ಹೆಸರಿಟ್ಟು ನಾಲ್ಕಂಕಿ ಜೋಡಿಸುತ್ತವೆ. ಬಾಲ ಬೇರೆ ಇರುವತನಕ ಎರಡೂ ಒಂದೇ ಫೋಲ್ಡರಿನಲ್ಲಿ ಸುಖವಾಗಿರುತ್ತವೆ. ಬಾಲ ಒಂದಾಯಿತೋ, ಎರಡನೆಯದು ಮೊದಲಿನದರ ಮೇಲೆ ಕೂರುತ್ತದೆ. ಎಂವಿ ಸಾಮಾನ್ಯವಾಗಿ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಒಂದು ಪುಟ ಹೋದರೆ ಹಾಸನದ ಯಾವುದೋ ಮನೆಯವರು ಮುತ್ತಜ್ಜನ ಹೆಸರು ಹುಡುಕಿಕೊಂಡು ಬಂದಾಗ ತೋರಿಸಲು ಏನಿರುತ್ತದೆ? ಎಂವಿಗೆ ‘ಅಡ್ಡಗೆರೆ ಎನ್’ ಆಯ್ಕೆ ಕೊಡಿ, ಇರುವ ಕಡತವನ್ನು ಅದು ಮುಟ್ಟುವುದಿಲ್ಲ. ಅದಕ್ಕಿಂತ ಒಳ್ಳೆಯದು, ಒಂದೊಂದು ಸಾಧನದ ಚಿತ್ರಕ್ಕೆ ಒಂದೊಂದು ಫೋಲ್ಡರ್. ಇಡೀ ಸಂಗ್ರಹದ ಪ್ರತಿ ಬೇರೊಂದು ಡಿಸ್ಕಿನಲ್ಲಿ ಇರಲಿ. ಕಡತಗಳ ಲೆಕ್ಕ ಮೊದಲೂ ಆಮೇಲೂ ತಾಳೆಯಾಗಲಿ.

ಅಂದಹಾಗೆ, ವಾಟ್ಸಾಪ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಮಸುಕು ಶಾಯಿ ಇನ್ನಷ್ಟು ಮಸುಕಾಗುತ್ತದೆ. ತೆಗೆದವರ ಫೋನಿನಲ್ಲಿ ಮೂಲ ಚಿತ್ರ ಇನ್ನೂ ಇದ್ದರೆ, ಅಳಿಸುವ ಮೊದಲು ಅದನ್ನೇ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.